ಎಂಟು ವರ್ಷ ಹಳೆಯದಾದ ಹೊಸ ಹಿಟ್ಟು

ದೆಸ್ಸಿಯೆ ಪಟ್ಟಣದ ಅಂಚೆ ಕಚೇರಿಯ ಬಾಗಿಲು ತೆಗೆಯುವುದು ಎರಡು ಗಂಟೆಗೆ. ಅಂದರೆ ಹೊತ್ತು ಮೂಡಿ ಎರಡು ತಾಸಿಗೆ. ಇಥಿಯೋಪಿಯಾದಲ್ಲಿ ಗಡಿಯಾರ ಸೂರ್ಯನ ಜೊತೆಗೇ ಏಳುತ್ತದೆ. ಅಸ್ನಾಕೆಚ್ ವೊರ್ಕು ಅದಕ್ಕೂ ಮೊದಲೇ ಬಂದು, ಮೆಟ್ಟಿಲ ಪಕ್ಕದ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾರೆ. ತೋಸಾ ಬೆಟ್ಟದಿಂದ ಇಳಿದ ಮಂಜು ಇನ್ನೂ ರಸ್ತೆಯ ಮೇಲೇ ಇದೆ. ಅವರ ಮುಂದೆ ಒಂದು ಗಿಡ್ಡ ಮಣೆ, ಅದರ ಮೇಲೆ ಸಣ್ಣ ತಕ್ಕಡಿ, ಟೇಪಿನ ಸುರುಳಿ, ಕತ್ತರಿ, ಮತ್ತೆ ಇಬ್ಬನಿ ತಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಹಸಿರು ಚೀಟಿಗಳ ಕಟ್ಟು.

ಪರದೇಶಕ್ಕೆ ಹೋಗುವ ಪ್ರತಿ ಪೊಟ್ಟಣಕ್ಕೂ ಇಂಥದೊಂದು ಚೀಟಿ ಅಂಟಿಸಬೇಕು. ಒಳಗೇನಿದೆ, ತೂಕವೆಷ್ಟು, ಬೆಲೆಯೆಷ್ಟು ಎಂದು ಬರೆಯಬೇಕು. ದೂರದ ಸುಂಕದ ಕಟ್ಟೆಯಲ್ಲಿ ಕೂತ, ಈ ಊರಿನ ಹೆಸರನ್ನೂ ಕೇಳದ ಯಾರೋ ಅದನ್ನು ಓದಿ, ಪೊಟ್ಟಣವನ್ನು ಒಳಗೆ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ಆ ಚೀಟಿ ತುಂಬುವುದು, ಪೊಟ್ಟಣ ಕಟ್ಟುವುದು ಅಸ್ನಾಕೆಚ್ ಅವರ ಕೆಲಸ. ಹತ್ತೊಂಬತ್ತು ವರ್ಷದಿಂದ ಅದೇ ಗೋಡೆ, ಅದೇ ಮಣೆ.

ಇವತ್ತು ಮೊದಲು ಬಂದವರು ಮೊಮಿನಾ. ಅರವತ್ತು ದಾಟಿದವರು, ಮೇಲಿನ ಹಳ್ಳಿಯಿಂದ ನಡೆದೇ ಬಂದಿದ್ದಾರೆ. ಮಗಳು ಲುಬಾಬಾ ಗಂಡನ ಜೊತೆ ಜರ್ಮನಿಯಲ್ಲಿದ್ದಾಳೆ. ಇನ್ನು ಐದು ವಾರಕ್ಕೆ ಹೆರಿಗೆ. ಹೆತ್ತ ದಿನ ಬಾಣಂತಿಗೆ ಹುರಿದ ಬಾರ್ಲಿ ಹಿಟ್ಟಿನ ಗೆನ್ಫೊ ತಿನ್ನಿಸಬೇಕು. ಮುದ್ದೆಯ ಹಾಗೆ ತಿರುವಿ, ನಡುವೆ ಗುಳಿ ಮಾಡಿ, ಅದರಲ್ಲಿ ತುಪ್ಪ, ಖಾರದ ಪುಡಿ ತುಂಬಿ. ತಿನ್ನಿಸಲು ತಾಯಿಯೇ ಹೋಗಬೇಕಿತ್ತು. ವೀಸಾ ಸಿಗಲಿಲ್ಲ. ಹಿಟ್ಟಾದರೂ ಹೋಗಲಿ ಎಂದು ಗಂಟು ಕಟ್ಟಿ ತಂದಿದ್ದಾರೆ.

"ಬಿಚ್ಚಿ ಎಮಾಮಾ," ಎನ್ನುತ್ತಾರೆ ಅಸ್ನಾಕೆಚ್. ತಾಯಿಯ ವಯಸ್ಸಿನವರನ್ನು ಇಲ್ಲಿ ಹಾಗೆಯೇ ಕರೆಯುವುದು.

"ಅಯ್ಯೋ, ಕಟ್ಟೋಕೆ ಎಷ್ಟು ಹೊತ್ತು ಹಿಡೀತು ಗೊತ್ತೇನೇ ನಿಂಗೆ?"

"ನಾನು ಬಿಚ್ಚದೆ ಇದ್ರೆ ಅಲ್ಲಿ ಯಾವನೋ ಬಿಚ್ತಾನೆ. ಅವನು ತಿರುಗಿ ಕಟ್ಟಲ್ಲ."

ಗಂಟಿನೊಳಗೆ ಬಟ್ಟೆಯ ಚೀಲ, ಚೀಲದ ತುಂಬ ಹಿಟ್ಟು. ಅಸ್ನಾಕೆಚ್ ಕೈ ಒರೆಸಿಕೊಂಡು ಮಣಿಕಟ್ಟಿನವರೆಗೆ ಹಿಟ್ಟಿಗೆ ಇಳಿಸುತ್ತಾರೆ. ಬೆರಳಿಗೆ ಗಟ್ಟಿಯಾಗಿ ಏನೋ ಸಿಗುತ್ತದೆ. ಹೊರಗೆಳೆದರೆ ಒಂದು ಪುಟ್ಟ ಶೀಷೆ.

"ನಿಮ್ಮ ಹೊಲದಲ್ಲಿ ಬಾರ್ಲಿ ಜೊತೆ ಗಾಜೂ ಬೆಳೆಯುತ್ತಾ?"

ಮೊಮಿನಾ ಬೆಟ್ಟದ ಕಡೆ ನೋಡುತ್ತಾರೆ. "ಚೂರೇ ಚೂರು ತುಪ್ಪ ಕಣೇ. ಯಾರಿಗೆ ಕಾಣುತ್ತೆ?"

"ಯಂತ್ರಕ್ಕೆ ಕಾಣುತ್ತೆ. ಹಾಲು, ತುಪ್ಪ, ಮಾಂಸ ಆ ದೇಶದೊಳಗೆ ಬಿಡಲ್ಲ. ಶೀಷೆ ಸಿಕ್ತು ಅಂದ್ರೆ ಹಿಟ್ಟೂ ಅದರ ಜೊತೆ ಕಸದ ಬುಟ್ಟಿಗೆ."

"ತುಪ್ಪ ಇಲ್ದೆ ಒಣ ಗೆನ್ಫೊ ತಿನ್ನೋಕೆ ನನ್ನ ಮಗಳೇನು ದಿಕ್ಕಿಲ್ಲದೋಳಾ?"

ಅಸ್ನಾಕೆಚ್ ಶೀಷೆಗೆ ಅಂಟಿದ ಹಿಟ್ಟನ್ನು ಒಂದು ಕಾಳಿನಷ್ಟೂ ಬಿಡದೆ ಚೀಲಕ್ಕೆ ಉದುರಿಸುತ್ತಾರೆ. ಆಮೇಲೆ ತಮ್ಮ ಕೈಚೀಲದಿಂದ ಒಣಗಿದ ಎಲೆಗಳ ಒಂದು ಹಿಡಿ ತೆಗೆದು ಮಣೆಯ ಮೇಲಿಡುತ್ತಾರೆ. ತುಪ್ಪ ಕಾಯಿಸುವಾಗ ಹಾಕುವ ಕೊಸೆರೆತ್ ಎಲೆ.

"ಹಸು ಅಲ್ಲೂ ಇದಾವೆ ಎಮಾಮಾ, ಬೆಣ್ಣೆ ಅಲ್ಲೂ ಸಿಗುತ್ತೆ. ಇದು ಸಿಗಲ್ಲ. ಬೆಣ್ಣೆ ಕಾಯಿಸ್ತಾ ಹಾಕೋಕೆ ಹೇಳಿ."

"ಎಷ್ಟು ಹಾಕ್ಬೇಕು ಅಂತ ಆ ಪೆದ್ದಿಗೆ ಗೊತ್ತಿದ್ರೆ ತಾನೆ?"

"ಅದನ್ನ ಫೋನಲ್ಲಿ ಹೇಳಿಕೊಡಿ. ಮಾತಾಡೋಕೆ ನಿಮಗೂ ಒಂದು ನೆಪ ಆಯ್ತು."

ಮೊಮಿನಾ ಶೀಷೆಯನ್ನು ಮಡಿಲಿಗೆ ಸೇರಿಸಿಕೊಳ್ಳುತ್ತಾರೆ. ತುಪ್ಪದ ಗೋಜು ಮುಗಿಯಿತು. ಆದರೆ ಅಸ್ನಾಕೆಚ್ ಅವರ ಕಣ್ಣು ಈಗ ಚೀಲದ ಹೊರಮೈ ಮೇಲೆ ನಿಂತಿದೆ. ಗಿರಣಿಯವನು ನೀಲಿ ಶಾಯಿಯಲ್ಲಿ ಒತ್ತಿದ ಮುದ್ರೆ: ತಿರ್ 2017. ಹೊರಗಿನ ಜಗತ್ತು ಅದನ್ನು 2025ರ ಜನವರಿ ಎನ್ನುತ್ತದೆ. ಮೊನ್ನೆ ಮೊನ್ನೆ ಬೀಸಿದ ಹಿಟ್ಟು. ಇಲ್ಲಿನ ವರ್ಷ ಲೋಕದ ವರ್ಷಕ್ಕಿಂತ ಏಳೆಂಟು ಹಿಂದೆ ನಡೆಯುತ್ತದೆ, ಅದು ಇಲ್ಲಿ ಯಾರನ್ನೂ ಕಾಡುವುದಿಲ್ಲ. ಅಸ್ನಾಕೆಚ್ ಅವರನ್ನು ಕಾಡುತ್ತದೆ.

ಐವತ್ತೆರಡು ವರ್ಷದ ಅಸ್ನಾಕೆಚ್ ಮೊದಲು ಪ್ರಾಥಮಿಕ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಅಕ್ಕ ಅರೆಗಾಶ್ ಹಿಮ ಬೀಳುವ ಒಂದು ದೇಶಕ್ಕೆ ಹೋಗಿ ನೆಲೆಸಿದ್ದಳು. ಹತ್ತೊಂಬತ್ತು ವರ್ಷದ ಹಿಂದೆ ಅವಳು ಬಸುರಿಯಾದಾಗ, ಎದ್ದು ಕೂರಲೂ ಆಗದ ತಾಯಿ ಹಟ ಹಿಡಿದು ಎದ್ದು ಬಾರ್ಲಿ ಹುರಿದರು. ಪೊಟ್ಟಣ ಕಟ್ಟಿದ್ದು ಅಸ್ನಾಕೆಚ್. ತಿನ್ನುವ ವಸ್ತುವಿಗೆ ತಯಾರಾದ ತಿಂಗಳು ಬರೆಯಬೇಕೆಂದು ಯಾರೋ ಹೇಳಿದ್ದರು. ಟೀಚರಮ್ಮನ ಮುದ್ದಾದ ಇಂಗ್ಲಿಷ್ ಅಕ್ಷರದಲ್ಲಿ ಬರೆದರು: ಯೆಕಾತಿತ್, 1998. ಅದು ನಿಜವೇ ಆಗಿತ್ತು. ಆಚೆ ದಡದಲ್ಲಿ ಮಾತ್ರ ಅದು 2006.

ಎರಡು ತಿಂಗಳ ಮೇಲೆ ಅಕ್ಕನ ಮನೆಗೆ ಸುಂಕದವರ ಕಾಗದ ಬಂತು. ಎಂಟು ವರ್ಷ ಹಳೆಯ ಹಿಟ್ಟು, ತಿನ್ನಲು ಯೋಗ್ಯವಲ್ಲ, ಸುಟ್ಟುಹಾಕಲಾಗಿದೆ. ಆ ಹೊತ್ತಿಗೆ ತಾಯಿ ತೀರಿಕೊಂಡು ಹನ್ನೊಂದು ದಿನ.

"ಅಕ್ಕ ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ ಅಸ್ನಾಕೆಚ್. "ಪರವಾಗಿಲ್ಲ ಬಿಡು ಅಂದುಬಿಟ್ಲು. ಈಗಲೂ ಮಾತಾಡ್ತಾ ಹಿಟ್ಟಿನ ಸುದ್ದಿ ಬಂತು ಅಂದ್ರೆ, ನಿಮ್ಮಲ್ಲಿ ಮಳೆ ಬಂತಾ ಅಂತ ಅವಳು ಕೇಳ್ತಾಳೆ. ಬಂತು ಅಂತೀನಿ. ಬರದೇ ಇದ್ರೂ."

ಆಮೇಲೆ ಅವರು ಅಂಚೆ ಕಚೇರಿಯ ಮುಂದೆ ಸುಮ್ಮನೆ ಬಂದು ನಿಲ್ಲತೊಡಗಿದರು. ಯಾರ ಕೈಯಲ್ಲಿ ಪೊಟ್ಟಣ ಕಂಡರೂ ತಾರೀಖು ತೋರಿಸಿ ಎನ್ನುತ್ತಿದ್ದರು. ಕೆಲವರು ತಲೆ ಕೆಟ್ಟಿದೆ ಎಂದರು, ಕೆಲವರು ಚೀಟಿಯನ್ನೂ ನೀವೇ ತುಂಬಿಕೊಡಿ ಎಂದರು. ಶಾಲೆ ಬಿಟ್ಟದ್ದು ಯಾವಾಗ ಎಂದು ಅವರಿಗೇ ಸರಿಯಾಗಿ ನೆನಪಿಲ್ಲ. ಈಗ ದಿನಕ್ಕೆ ಎಂಟು ಹತ್ತು ಪೊಟ್ಟಣ, ರಂಜಾನ್ ಮತ್ತು ಈಸ್ಟರಿನ ಫಾಸಿಕಾ ಹಬ್ಬದ ಮುಂಚೆ ಇಪ್ಪತ್ತು. ಒಂದೊಂದೂ ಎರಡು ಕಿಲೋ ಒಳಗೆ. ಹುರಿದ ಕಾಳು, ಕಾಫಿ ಬೀಜ, ಖಾರದ ಪುಡಿ, ಹೆಗಲಿಗೆ ಹೊದೆಯುವ ತೆಳು ಬಟ್ಟೆ. ಒಮ್ಮೆ ಒಬ್ಬ ತಂದೆ ಮಗನಿಗೆಂದು ಅಂಗಳದ ಮಣ್ಣು ತಂದಿದ್ದ. ಮಣ್ಣನ್ನು ಬಿಡುವುದಿಲ್ಲ ಎಂದು ಅವನಿಗೆ ಹೇಳಿದ ದಿನ ಅವರು ಬೇಗ ಮನೆಗೆ ಹೋದರು.

ಚೀಟಿಯಲ್ಲಿ ಎಲ್ಲರೂ ತಡವರಿಸುವುದು ಬೆಲೆಯ ಕಡೆ. "ಬೆಲೆ ಇಲ್ಲ ಅಂತ ಬರೆದ್ರೆ ಅವರಿಗೆ ಅನುಮಾನ. ಜಾಸ್ತಿ ಬರೆದ್ರೆ ಸುಂಕ. ಮಗಳು ಅಮ್ಮನ ಹಿಟ್ಟನ್ನ ದುಡ್ಡು ಕೊಟ್ಟು ಬಿಡಿಸ್ಕೊಳ್ಳೋ ಹಾಗಾಗುತ್ತೆ. ನಾನು ಸಂತೆ ರೇಟು ಬರೀತೀನಿ."

ಮೊಮಿನಾ ಅವರ ಹಿಟ್ಟನ್ನು ಮುದ್ರೆಯಿಲ್ಲದ ಹೊಸ ಚೀಲಕ್ಕೆ ಸುರಿದು, ಚೀಟಿಯಲ್ಲಿ ಹೊರಗಿನವರ ಲೆಕ್ಕದಲ್ಲೇ 2025ರ ಜನವರಿ ಎಂದು ಬರೆದಾಗಿದೆ. ಹಳೆಯ ಚೀಲ ಮಡಚಿ ಕೊಟ್ಟರೆ ಅವರಿಗೆ ಸಮಾಧಾನವಿಲ್ಲ. "ಗಿರಣಿ ಹೆಸರಿತ್ತಲ್ಲೇ ಅದರಲ್ಲಿ. ನೋಡಿದ್ರೆ ಖುಷಿ ಪಡ್ತಿದ್ಲು."

"ಖುಷಿ ಪಡೋಕೆ ಮೊದಲು ಕೈಗೆ ಸೇರಬೇಕಲ್ಲ."

ಕಚೇರಿಯ ಬಾಗಿಲು ತೆರೆಯುತ್ತದೆ. ಒಳಗೆ ತಪಾಸಣೆಯ ಮೇಜಿನಲ್ಲಿ ಕಿಫ್ಲೆ ಕೂತಿದ್ದಾನೆ. "ಏನ್ ಎತೆತೆ," ಅಕ್ಕ ಎಂಬ ಸಲಿಗೆಯಲ್ಲಿ ಅವನು ಕೂಗುತ್ತಾನೆ, "ಇವತ್ತು ಯಾರ ಅಡುಗೆಮನೆ ಹೊತ್ಕೊಂಡು ಬಂದ್ರಿ?"

"ನಿನ್ನ ಹೆಂಡತಿದಲ್ಲ, ಹೆದರಬೇಡ. ಇದನ್ನ ತಿನ್ನಬಹುದು."

ಅವನು ನಗುತ್ತಾ ಚೀಲ ತೆರೆಸಿ ನೋಡಿ, ಆಗಲಿ ಎಂದು ತಲೆಯಾಡಿಸುತ್ತಾನೆ. ಆಮೇಲೆ ಅಸ್ನಾಕೆಚ್ ಚೀಲವನ್ನೂ ಎಲೆಯನ್ನೂ ರಟ್ಟಿನ ಪೆಟ್ಟಿಗೆಗೆ ಇಳಿಸಿ ಟೇಪು ಸುತ್ತುತ್ತಾರೆ. ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು, ಅಂಚುಗಳ ಮೇಲೆ ಉಗುರಿನಿಂದ ಗೀರು. ಒಂದು ಕಿಲೋ ಒಂಬೈನೂರ ಅರವತ್ತು ಗ್ರಾಂ. ಕಿಫ್ಲೆ ಪೊಟ್ಟಣವನ್ನು ಹಿಂದಿನ ಕೋಣೆಗೆ ಎತ್ತಿಟ್ಟ ಮೇಲೂ ಮೊಮಿನಾ ಮೇಜಿನ ಮುಂದೆ ನಿಂತೇ ಇದ್ದಾರೆ.

ಮುಂದಿನ ವಾರಗಳಲ್ಲಿ ಸಂತೆಯ ದಿನವೆಲ್ಲ ಬಂದು ಕೇಳುತ್ತಾರೆ. ಸೇರಿತಾ? ಪೊಟ್ಟಣ ಸೇರಿದ್ದನ್ನು ಬಂದು ಹೇಳುವವರೇ ಕಡಿಮೆ. ಸೇರದಿದ್ದರೆ ಎಲ್ಲರೂ ಬರುತ್ತಾರೆ.

ನಾಲ್ಕನೇ ವಾರ ಮೊಮಿನಾ ದೂರದಿಂದಲೇ ಫೋನು ಎತ್ತಿ ಹಿಡಿದು ಬರುತ್ತಾರೆ. ಅಳಿಯ ವಿಡಿಯೊ ಕಳಿಸಿದ್ದಾನೆ. ಅಸ್ನಾಕೆಚ್ ಕಟ್ಟಿದ ಒಂದು ಪೊಟ್ಟಣವನ್ನು ಯಾರೋ ಬಿಚ್ಚುವುದನ್ನು ಅವರು ನೋಡುತ್ತಿರುವುದು ಇದೇ ಮೊದಲು. ತುಂಬು ಹೊಟ್ಟೆಯ ಲುಬಾಬಾ ನೆಲದ ಮೇಲೆ ಕೂತು ಕತ್ತರಿ ಆಡಿಸುತ್ತಾಳೆ. ಪೆಟ್ಟಿಗೆ ತೆರೆಯುತ್ತದೆ. ಚೀಲದ ಬಾಯಿ ಬಿಚ್ಚಿ ಮುಖವನ್ನು ಅದರೊಳಗೆ ಇಟ್ಟವಳು ಎತ್ತುವುದೇ ಇಲ್ಲ.

"ಇಲ್ಲಿ ಕೆಟ್ಟಿದೆ ನೋಡೇ, ಮಾತೇ ಕೇಳಲ್ಲ," ಎಂದು ಮೊಮಿನಾ ಫೋನನ್ನು ಕುಲುಕುತ್ತಾರೆ.

"ಕೆಟ್ಟಿಲ್ಲ ಎಮಾಮಾ."

ಅಸ್ನಾಕೆಚ್ ವಿಡಿಯೊವನ್ನು ಮೊದಲಿನಿಂದ ಹಾಕಿಸಿ, ಕತ್ತರಿ ತಾಗುವ ಮುಂಚೆಯೇ ನಿಲ್ಲಿಸುತ್ತಾರೆ. ಪೆಟ್ಟಿಗೆಯ ಅಂಚಿನ ಮೇಲೆ ಬೆರಳಿಡುತ್ತಾರೆ.

"ಇದು ನಾನು ಸುತ್ತಿದ ಟೇಪೇ. ದಾರಿಲಿ ಯಾರೂ ಬಿಚ್ಚಿಲ್ಲ. ಬರೆದಿದ್ದನ್ನ ನಂಬಿದಾರೆ."