ಬಗ್ಗಿ ನಡೆದ ಇನ್ನೂರ ನಲವತ್ತು ಹೆಜ್ಜೆ

ಬಾವಿ ಅಜ್ಜನ ಬಲಗಿವಿಯ ಮಡಿಕೆಗಳಲ್ಲಿ ಯಾವಾಗಲೂ ಕೆಂಪು ಮಣ್ಣು. ಎಷ್ಟು ತಿಕ್ಕಿ ಮಿಂದರೂ ಹೋಗುತ್ತಿರಲಿಲ್ಲ. ಮಿರ್ಜಾನದ ನಮ್ಮ ಕೇರಿಯ ಬಾವಿಗಳನ್ನೆಲ್ಲ ತೋಡಿದವರು ಅವರು. ಕೆಳಗಿಳಿದ ಕೂಡಲೇ ಗೋಡೆಯನ್ನು ಹಾರೆಯಿಂದ ಕುಟ್ಟಿ, ಕಿವಿ ಹಚ್ಚಿ ಕೇಳುವರು. ಪೊಳ್ಳು ಸದ್ದು ಬಂದರೆ ಆವತ್ತು ಕೆಲಸವಿಲ್ಲ. ಸರಿಯಿದ್ದರೆ ಮೇಲಿದ್ದವರಿಗೆ ಕೂಗುವರು, "ಗಟ್ಟಿ ಅದೆ. ಬುಟ್ಟಿ ಬಿಡಿ."

ಈ ವಿದ್ಯೆ ಅವರಿಗೆ ಬಂದದ್ದು ಘಟ್ಟದ ಮೇಲಿನ ಒಂದು ಚಿನ್ನದ ಗಣಿಯಿಂದ. ಅವರ ಅಪ್ಪ ಅಲ್ಲಿ ಕೆಲಸಕ್ಕೆ ಸೇರಿದ್ದರಿಂದ ಅವರು ಬೆಳೆದದ್ದೂ ಅಲ್ಲೇ. ಚಿನ್ನ ತೆಳುವಾಗುತ್ತ ಬಂದು ಗಣಿ ಮುಚ್ಚಿದಾಗ ತಾಯಿ ಅವ್ವಿಯ ಜೊತೆ ಅವಳ ತವರಾದ ಮಿರ್ಜಾನಕ್ಕೆ ಇಳಿದು ಬಂದಿದ್ದರು. ಚಹಾ ಕೊಟ್ಟು ಕೂರಿಸಿದರೆ ಸಾಕು, ಆ ಊರು ನಮ್ಮ ಜಗಲಿಯ ಮೇಲೆ ಎದ್ದು ನಿಲ್ಲುತ್ತಿತ್ತು: ಗಾಳಿ ಬರುವ ಕಡೆಗೆ ಸಾಹೇಬರ ಬಂಗಲೆಗಳು, ಧೂಳು ಹೋಗುವ ಕಡೆಗೆ ಕೂಲಿಯವರ ಮನೆಸಾಲು, ನಡುವೆ ಅರೆದ ಕಲ್ಲುಹುಡಿಯ ಬಿಳೀ ಗುಡ್ಡ.

"ಚಿನ್ನ ಕಂಡಿದ್ರಾ ಅಜ್ಜಾ?" ಎಂದು ಕೇಳಿದ್ದೆ.

"ಎಂತ ಚಿನ್ನ ತಂಗೀ? ನಾವು ಕಂಡದ್ದು ಕಲ್ಲು. ಚಿನ್ನ ಕಂಡವ್ರು ಬಂಗಲೆಯಲ್ಲಿದ್ರು."

ಒಂದು ಸಂಗತಿಯನ್ನು ಮಾತ್ರ ಅವರು ಬಹಳ ವರ್ಷ ಹೇಳಿರಲಿಲ್ಲ. ಗಣಿಯೊಳಗೆ ಸುರಂಗ ಕುಸಿದು ಅವರ ಅಣ್ಣ ಒಳಗೇ ಉಳಿದಿದ್ದ. ದೇಹ ಸಿಗಲಿಲ್ಲ. ಅವ್ವಿ ಗಣಿಯ ಬಾಯಿಗೆ ಹೂ ಹಾಕಿ ಬರುತ್ತಿದ್ದಳು, ಮಗ ಇಳಿದು ಹೋದದ್ದನ್ನು ಕಂಡದ್ದು ಅಲ್ಲೇ ಆದ್ದರಿಂದ. ಆದರೆ ಅಣ್ಣ ಅಲ್ಲಿರಲಿಲ್ಲ. ಆಳು ಇಳಿಸುವ ಕಬ್ಬಿಣದ ತೊಟ್ಟಿಲಲ್ಲಿ ತಳಕ್ಕೆ ಇಳಿದ ಮೇಲೆ ಮೂಡಲಿಗೆ ಇನ್ನೂರ ನಲವತ್ತು ಹೆಜ್ಜೆ ನಡೆಯಬೇಕಿತ್ತು. ಅದೇ ಸುರಂಗದಲ್ಲಿ ದುಡಿದಿದ್ದ ಅಜ್ಜನಿಗೆ ಅದು ಗೊತ್ತಿತ್ತು. ಅವ್ವಿಗೆ ಹೇಳಲು ಬಾಯಿ ಬರಲಿಲ್ಲ. ಅವಳು ಹಾಗೆಯೇ ತೀರಿಕೊಂಡಳು.

"ಕಾಲು ನಿಂತು ಹೋಗೂದ್ರೊಳಗೆ ಒಂದ್ಸಲ ಅಣ್ಣ ಇದ್ದಲ್ಲಿ ನಿಲ್ಬೇಕು," ಎಂದರು ಹೋದ ವರ್ಷ. ನಾನು ಆಗಷ್ಟೇ ಕಾರು ಕಲಿತಿದ್ದೆ.

"ಬ್ರೇಕು ಎಲ್ಲದೆ ನೋಡ್ಕಂಡಿದ್ಯನೇ?" ಎನ್ನುತ್ತಲೇ ಹತ್ತಿ ಕೂತರು. ಮಡಿಲಲ್ಲಿ ಅವ್ವಿಯ ಮನೆಯ ಬಾವಿನೀರಿನ ಬಾಟಲಿ.

ಅಲ್ಲಿ ಊರೇ ಇರಲಿಲ್ಲ. ಜಾಲಿಮುಳ್ಳು, ಮೊಣಕಾಲೆತ್ತರದ ಪಾಯಗಳು. ಬಿಳೀ ಗುಡ್ಡವೊಂದು ಮಾತ್ರ ಹುಲ್ಲುಕಡ್ಡಿಯೂ ಹುಟ್ಟದೆ ಬಿಸಿಲಲ್ಲಿ ಹೊಳೆಯುತ್ತಿತ್ತು. ಅಜ್ಜ ಮಾತ್ರ ಬೀದಿಯಲ್ಲಿ ನಡೆವವರಂತೆ ನಡೆದರು. ಇದು ಕಂಪೌಂಡರನ ಮನೆ, ಇದು ಬೀಗರ ಮನೆ ಎಂದು ಖಾಲಿ ನೆಲಕ್ಕೆ ಕೈ ತೋರಿಸುತ್ತ, ಇಲ್ಲದ ಗೋಡೆಗಳನ್ನು ಬಳಸಿಕೊಂಡು ಹೋದರು. ನಾನೂ ಗೋಡೆ ತಾಗೀತೆಂದು ಬಳಸಿಯೇ ನಡೆದೆ.

ಗಣಿಯ ಬಾಯಿಗೆ ಕಾಂಕ್ರೀಟು ಮುಚ್ಚಿದ್ದರು. ಅಲ್ಲಿಂದ ಮೂಡಲಿಗೆ ಎಣಿಸುತ್ತ ಹೊರಟವರು ಇನ್ನೂರ ನಲವತ್ತಕ್ಕೆ ಒಂದು ಮುಳ್ಳುಪೊದೆಯೊಳಗೆ ನಿಂತರು. ಮುಖ ಸಣ್ಣದಾಯಿತು.

"ಲೆಕ್ಕ ತಪ್ಪಿತಾ ಅಜ್ಜಾ?"

ಅವರು ಬಗ್ಗಿ ತಮ್ಮ ಪಾದ ನೋಡಿಕೊಂಡರು. "ಲೆಕ್ಕ ಸರಿ ಅದೆ. ಹೆಜ್ಜೆ ತಪ್ಪು. ಕೆಳಗೆ ಯಾರು ನೆಟ್ಟಗೆ ನಡೀತಿದ್ರು?"

ಮತ್ತೆ ಗಣಿಯ ಬಾಯಿಗೆ ಬಂದರು. ತಲೆಯ ಮೇಲೆ ಬಂಡೆಯಿದೆ ಎಂಬಂತೆ ನಡು ಬಗ್ಗಿಸಿ, ಗಿಡ್ಡ ಗಿಡ್ಡ ಹೆಜ್ಜೆ ಇಟ್ಟರು. "ನೀನೂ ಬಾ. ಬಗ್ಗು. ನಾಳೆ ನಾ ಇರೂದಿಲ್ಲ." ಆ ಬಟ್ಟ ಬಯಲಿನಲ್ಲಿ ಇಬ್ಬರೂ ಬೆನ್ನು ಬಗ್ಗಿಸಿ ನಡೆದೆವು. ಇನ್ನೂರ ನಲವತ್ತಕ್ಕೆ ಕಾಲಿಗೆ ಸಿಮೆಂಟು ತಾಗಿತು. ಒಡೆದ ಕಟ್ಟೆ, ಮಧ್ಯದಲ್ಲಿ ತುಕ್ಕು ಹಿಡಿದ ಪೈಪಿನ ಮೋಟು.

ಅದು ಮನೆಸಾಲಿನ ನಲ್ಲಿಕಟ್ಟೆ.

"ಅವ್ವಿ ದಿನಾ ಕೊಡ ಇಟ್ಕಂಡು ನಿಂತಿದ್ದು ಇಲ್ಲೇ," ಎಂದರು. "ಗಣಿ ಮುಚ್ಚೂವರೆಗೂ ಇಲ್ಲೇ."

ಬಾಟಲಿಯ ನೀರನ್ನೆಲ್ಲ ಮೆಲ್ಲಗೆ ಸುರಿದರು. ಮೊಣಕಾಲೂರಿ, ಕಲ್ಲಿನಿಂದ ಕಟ್ಟೆಯನ್ನು ಮೂರು ಸಲ ಕುಟ್ಟಿ, ಆ ಕೆಂಪು ಕಿವಿಯನ್ನು ನೆಲಕ್ಕೆ ಹಚ್ಚಿದರು.

"ಗಟ್ಟಿ ಅದೆ," ಎಂದರು ಎದ್ದು.

ಮಳೆಗಾಲದಲ್ಲಿ ಅಜ್ಜ ಹೋದರು. ಮೀಯಿಸುವಾಗ ಕಿವಿಯ ಮಣ್ಣನ್ನು ತೆಗೆಯುವುದು ಬೇಡ ಎಂದು ನಾನೇ ಹೇಳಿದೆ. ಮಳೆ ನಿಂತ ಮೇಲೆ ಅವ್ವಿಯ ಮನೆಯ ಅದೇ ಬಾವಿಯ ನೀರು ತುಂಬಿಕೊಂಡು ಒಬ್ಬಳೇ ಘಟ್ಟ ಹತ್ತಿದೆ. ಆ ನೆಲದ ಕೆಳಗೊಬ್ಬರು ಇದ್ದಾರೆಂದು, ಎಲ್ಲಿದ್ದಾರೆಂದು ತಿಳಿದವಳು ಈಗ ನಾನೊಬ್ಬಳೇ. ದೂರದಲ್ಲಿ ಕುರಿ ಮೇಯಿಸುತ್ತಿದ್ದವರು ತಿರುಗಿ ನೋಡಿದರು. ನೋಡಲಿ ಎಂದುಕೊಂಡು ಮುಚ್ಚಿದ ಬಾಯಿಯ ಬಳಿ ನಿಂತೆ, ಮೂಡಲಿಗೆ ಮುಖ ಮಾಡಿದೆ, ನಡು ಬಗ್ಗಿಸಿದೆ.