ಸರಸ್ವತಿ ಪೂಜೆಗೆ ಕೂತ ಕಂಪ್ಯೂಟರು

ನಮ್ಮ ಬಿಲ್ಡಿಂಗಿನಲ್ಲಿ ಕಂಪ್ಯೂಟರ್ ಬಲ್ಲವನು ನಾನೊಬ್ಬನೇ. ದಹಿಸರ್ ಸ್ಟೇಷನ್ನಿಂದ ಹೈವೇ ತನಕ ಟಾರ್ಚ್ ಹಿಡಿದು ಹುಡುಕಿದರೂ ಇನ್ನೊಬ್ಬ ಸಿಗಲಾರ. ಬೋರಿವಲಿಯ ಕ್ಲಾಸಿನಲ್ಲಿ ಮೂರು ತಿಂಗಳು ಕಲಿತಿದ್ದೇನೆ. ಅದರಲ್ಲಿ ಒಂದು ತಿಂಗಳು ಎ.ಸಿ. ಕೆಟ್ಟಿದೆಯೆಂದು ರಜೆ. ಉಳಿದೆರಡು ತಿಂಗಳು ಒಂದು ಮಶೀನಿಗೆ ಆರು ಜನ. ನನ್ನ ಪಾಲಿಗೆ ಬಂದದ್ದು ಕೀಬೋರ್ಡಿನ ಎಡಮೂಲೆ ಮಾತ್ರ. ಇದನ್ನು ನಾನು ಯಾರಿಗೂ ಹೇಳಿಲ್ಲ. ಬಿಲ್ಡಿಂಗಿನವರು ಕಂಡದ್ದು ನನ್ನ ಶರ್ಟಿನ ಜೇಬಿನಲ್ಲಿ ಇಣುಕುವ ಫ್ಲಾಪಿಯನ್ನು. ಅಂಗೈಗಿಂತ ಅಗಲವಾದ ಫ್ಲಾಪಿ ಜೇಬಿಗೆ ಹಿಡಿಸುತ್ತಿರಲಿಲ್ಲವೆಂದು ಟೈಲರಿಗೆ ಹೇಳಿ ಎರಡು ಶರ್ಟಿನ ಜೇಬು ದೊಡ್ಡದು ಮಾಡಿಸಿದ್ದೆ. ಅದರಲ್ಲಿ ಅರ್ಧ ಕಿಲೋ ಬೀನ್ಸ್ ತರಬಹುದು ಎಂದು ಅಮ್ಮ ಹೇಳುತ್ತಾಳೆ.

ಗ್ರೌಂಡ್ ಫ್ಲೋರಿನ ಟೈಪಿಂಗ್ ಆಂಟಿ ಮೈಸೂರಿನವರು. ಗಂಡ ತೀರಿಕೊಂಡ ಮೇಲೆ ಮುಂದಿನ ರೂಮಿನಲ್ಲಿ ನಾಲ್ಕು ಟೈಪ್‌ರೈಟರ್ ಇಟ್ಟು ಕ್ಲಾಸ್ ನಡೆಸುತ್ತಿದ್ದರು. ಒಂಬತ್ತನೇ ಕ್ಲಾಸಿನ ರಜೆಯಲ್ಲಿ ಅಪ್ಪ ನನ್ನನ್ನೂ ಅಲ್ಲಿಗೆ ದಬ್ಬಿದರು. ಕೀಲಿಗಳನ್ನು ನೋಡದೆ ಹೊಡೆಯಬೇಕು. ನೋಡಿದರೆ ಮರದ ಸ್ಕೇಲಿನ ಅಂಚಿನಿಂದ ಬೆರಳ ಗೆಣ್ಣಿಗೆ ಏಟು. ಬಾಯಿ ಬಿಟ್ಟರೆ, ‘ಕಲಿಸೋವಾಗ ಮಧ್ಯೆ ಮಾತಾಡಬಾರದು’ ಎಂದು ಹೊರಗಿನ ಪ್ಯಾಸೇಜಿನಲ್ಲಿ ನಿಲ್ಲಿಸುತ್ತಿದ್ದರು. ಆ ರಜೆಯನ್ನು ನಾನು ಕರೆಂಟ್ ಮೀಟರುಗಳ ಕೆಳಗೆ ನಿಂತೇ ಕಳೆದೆ. ಟೈಪಿಂಗ್ ಬರಲಿಲ್ಲ, ಹನ್ನೆರಡು ಮನೆಗಳ ಮೀಟರ್ ರೀಡಿಂಗ್ ಬಾಯಿಪಾಠವಾಯಿತು. ಕೊನೆಯ ದಿನ ಅಷ್ಟನ್ನೂ ಆಂಟಿಯ ಮುಂದೆ ಒಪ್ಪಿಸಿದೆ. ಅದಕ್ಕೂ ಸ್ಕೇಲು ಬಿತ್ತು.

ಆಮೇಲೆ ಹುಡುಗರೆಲ್ಲ ಕಂಪ್ಯೂಟರ್ ಕ್ಲಾಸಿನ ಕಡೆ ಓಡಿದರು, ಆಂಟಿಯ ರೂಮು ಖಾಲಿಯಾಯಿತು. ಮೂರು ಟೈಪ್‌ರೈಟರ್ ಮಾರಿ, ಧಾರಾವಿಯಲ್ಲಿ ಹಳೆ ಮಶೀನುಗಳನ್ನು ರಿಪೇರಿ ಮಾಡಿ ಮಾರುವ ಹುಬ್ಬಳ್ಳಿ ಕಡೆಯ ಚಾಚಾ ಒಬ್ಬರಿಂದ ಕಂಪ್ಯೂಟರ್ ಕೊಂಡರು. ಕಾಂದಿವಲಿಯ ಲೆಕ್ಚರರ್ ಒಬ್ಬರ ಥೀಸಿಸ್ ಟೈಪ್ ಮಾಡುವ ಕೆಲಸ ಸಿಕ್ಕಿತು. ವಿಷಯ, ವಸೈ ತೀರದ ಒಣಮೀನು ವ್ಯಾಪಾರ. ಬೆಳ್ಳುಳ್ಳಿ ಕಂಡರೆ ಮೂಗು ಮುಚ್ಚಿಕೊಳ್ಳುವ ಆಂಟಿ ಐದು ತಿಂಗಳು ಹಗಲೆಲ್ಲ ಒಣ ಬೊಂಬಿಲ್ ಮೀನಿನ ಜೊತೆ ಸಂಸಾರ ಮಾಡಿದರು. ಪ್ರತಿ ಅಧ್ಯಾಯ ಮುಗಿದಾಗಲೂ ತಲೆಗೆ ಸ್ನಾನ ಮಾಡುತ್ತಾರೆ ಎಂಬ ಸುದ್ದಿಯನ್ನು ಬಿಲ್ಡಿಂಗಿನಲ್ಲಿ ಹಬ್ಬಿಸಿದವನು ನಾನು.

ದಸರೆಯ ದಿನ ಸಂಜೆ ಐದಕ್ಕೆ ಲೆಕ್ಚರರ್ ಬಂದು ಪೂರ್ತಿ ಪ್ರಿಂಟ್ ಒಯ್ಯುವುದೆಂದು ಮಾತಾಗಿತ್ತು. ಹೊತ್ತಿಗೆ ಸರಿಯಾಗಿ ಕೊಟ್ಟರೆ ಮುಂದೆ ಕಾಲೇಜಿನ ಟೈಪಿಂಗೆಲ್ಲ ಆಂಟಿಗೆ. ಇಲ್ಲವಾದರೆ ಮಶೀನು ವಾಪಸ್ ಕೊಟ್ಟು ಆ ರೂಮಿನಲ್ಲಿ ಪೇಯಿಂಗ್ ಗೆಸ್ಟ್ ಇಟ್ಟುಕೊಳ್ಳುವುದೊಂದೇ ದಾರಿ ಎಂದು ಅವರು ಅಮ್ಮನ ಹತ್ತಿರ ಹೇಳಿಕೊಂಡಿದ್ದರು.

ಟೈಪಿಂಗು, ತಿದ್ದುವುದು ಎಲ್ಲ ನಾಲ್ಕು ದಿನ ಮೊದಲೇ ಮುಗಿಯಿತು. ಪ್ರಿಂಟ್ ತೆಗೆಯುವುದು ಮಾತ್ರ ಉಳಿದಿತ್ತು. ಅಷ್ಟರಲ್ಲಿ ಸರಸ್ವತಿ ಪೂಜೆ ಬಂತು. ಅವರ ಮನೆಯಲ್ಲಿ ಪೂಜೆಗೆ ಇಟ್ಟ ಪುಸ್ತಕವನ್ನು ವಿಜಯದಶಮಿಯ ಬೆಳಿಗ್ಗೆ ತನಕ ಮುಟ್ಟುವಂತಿಲ್ಲ. ವಿದ್ಯೆಯೆಲ್ಲ ಈಗ ಕಂಪ್ಯೂಟರಿನಲ್ಲಿರುವುದರಿಂದ ಆಂಟಿ ಪ್ಲಗ್ ಕಿತ್ತು, ಮಶೀನನ್ನೇ ಎತ್ತಿ ದೇವರ ಮುಂದೆ ಕೂರಿಸಿ, ಮಾನಿಟರಿಗೆ ರೇಷ್ಮೆಯ ರವಿಕೆ ಕಣ ಹೊದಿಸಿ ಕುಂಕುಮ ಹಚ್ಚಿದರು. ಥೀಸಿಸ್ಸಿನ ಇನ್ನೊಂದು ಪ್ರತಿಯಿದ್ದ ಮೂರು ಫ್ಲಾಪಿಗಳಿಗೂ ಸಮಾನ ಮರ್ಯಾದೆ. ನಡುವಿನ ತೂತಿನೊಳಗೂ ಕುಂಕುಮ, ಮೇಲೆ ಅಕ್ಷತೆ.

ವಿಜಯದಶಮಿಯ ಬೆಳಿಗ್ಗೆ ಮಶೀನನ್ನು ಮೇಜಿಗೆ ತಂದು ಸ್ವಿಚ್ ಹಾಕಿದರೆ, ಹಾರ್ಡ್ ಡಿಸ್ಕ್ ಕಾಣುತ್ತಿಲ್ಲವೆಂದು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರೆದು ಸುಮ್ಮನೆ ನಿಂತಿತು. ಆಂಟಿ ಎರಡು ಮಹಡಿ ಹತ್ತಿ ನಮ್ಮ ಮನೆಗೆ ಬಂದರು. ಏದುಸಿರಿನಲ್ಲಿ ಅವರು ನನ್ನನ್ನು ಮೊದಲ ಸಲ ‘ಪುಟ್ಟಾ’ ಎಂದು ಕರೆದರು. ನಾನು ಒಂದು ಗಂಟೆ ಬಿಟ್ಟು ಬರುತ್ತೇನೆಂದೆ. ಕೆಲಸವೇನೂ ಇರಲಿಲ್ಲ. ದೊಡ್ಡ ಜೇಬಿನ ಶರ್ಟಿಗೆ ಇಸ್ತ್ರಿ ಹಾಕಿಕೊಂಡೆ, ಎರಡು ಸಲ.

ಕೆಳಗೆ ಹೋಗಿ ಮೊದಲು ಕಾಫಿ ಕೇಳಿದೆ, ಆಮೇಲೆ ಸಕ್ಕರೆ ಕಡಿಮೆಯಾಯಿತೆಂದೆ. ಕುರ್ಚಿಗೆ ದಿಂಬು ತರಿಸಿದೆ. ಮಶೀನಿನ ಎದೆಗೆ ಕಿವಿಯಿಟ್ಟು ಆಲಿಸಿ, ತಲೆ ಅಲ್ಲಾಡಿಸಿ, “ಯಾವಾಗಿಂದ ಹೀಗೆ?” ಎಂದು ಆಸ್ಪತ್ರೆಯವರ ಧಾಟಿಯಲ್ಲಿ ಕೇಳಿದೆ. ಆಂಟಿಯ ಕಣ್ಣು ಗಡಿಯಾರದ ಮೇಲಿತ್ತು. ಹನ್ನೊಂದಾಗಿತ್ತು.

ಕುಂಕುಮದ ಫ್ಲಾಪಿಗಳನ್ನು ಒಂದೊಂದಾಗಿ ತುರುಕಿದೆ. ಅಕ್ಕಿ ಮಿಲ್ಲಿನ ಸದ್ದು ಬಂತೇ ವಿನಾ ಅಕ್ಷರ ಬರಲಿಲ್ಲ. ಅಲ್ಲಿಗೆ ಥೀಸಿಸ್ ಉಳಿದಿದ್ದರೆ ಹಾರ್ಡ್ ಡಿಸ್ಕಿನಲ್ಲೇ ಉಳಿದಿರಬೇಕು. ನನ್ನ ಜೇಬಿನ ಫ್ಲಾಪಿ ಹೊರಬಂತು.

“ಪುಟ್ಟಾ, ಆ ಚಾಚಾ ಒಂದು ಚೀಟಿ...” ಎಂದು ಆಂಟಿ ಶುರುಮಾಡಿದರು.

“ಕೆಲಸ ಮಾಡೋವಾಗ ಮಧ್ಯೆ ಮಾತಾಡಬಾರದು ಆಂಟಿ,” ಎಂದೆ. ಅವರದೇ ಸ್ವರ, ಅವರದೇ ಮೂಗು. ಎರಡು ವರ್ಷದಿಂದ ಬಾತ್‌ರೂಮಿನಲ್ಲಿ ಅಭ್ಯಾಸ ಮಾಡಿದ್ದೆ.

ನನ್ನ ಫ್ಲಾಪಿ ಹಾಕಿದೆ, ಸೆಟಪ್ ಎಂಬ ನೀಲಿ ಪುಟ ತೆರೆಯಿತು. ಒಳಗಿರುವ ಡಿಸ್ಕ್ ಯಾವ ನಮೂನೆಯದು, ನಂಬರ್ ಹೇಳು ಎನ್ನುತ್ತಿತ್ತು. ಒಂದರಿಂದ ನಲವತ್ತೇಳರ ತನಕ ಸಾಲು. ಕ್ಲಾಸಿನಲ್ಲಿ ಈ ಪುಟ ಬಂದ ದಿನ ಕೀಬೋರ್ಡಿನ ಬಲಗಡೆಯವನು ನನಗೆ ಅಡ್ಡ ಕೂತಿದ್ದ.

“ನಂಬರ್ ಏನೋ ಬರ್ಕೊಟ್ಟಿದ್ರು ಕಣೋ, ಕ್ಯಾಲೆಂಡರ್ ಹಿಂದೆ...”

“ಆಂಟಿ, ಎರಡನೇ ಸಲ ಹೇಳ್ತಿದ್ದೀನಿ. ಇನ್ನೊಂದು ಸಲ ಬಾಯಿ ಬಿಟ್ರೆ ಪ್ಯಾಸೇಜು.”

ಅವರು ನಕ್ಕರು. ನಾನು ನಗಲಿಲ್ಲ. ಬಾಗಿಲ ಕಡೆ ಬೆರಳು ತೋರಿಸಿದೆ. ಐವತ್ತು ದಾಟಿದ ಹೆಂಗಸು, ಹಬ್ಬದ ಸೀರೆಯಲ್ಲಿ, ಎದ್ದು ಹೋಗಿ ಮೀಟರುಗಳ ಕೆಳಗೆ ನಿಂತರು. ಹಾಲಿನವನು ಏನಾಯಿತೆಂದು ಕೇಳಿದ. ಒಳಗೆ ರಿಪೇರಿ ನಡೀತಿದೆ ಅಂದರು.

ನಾನು ಒಂದನೇ ನಂಬರ್ ಆರಿಸಿದೆ. ಸಾಲಿನಲ್ಲಿ ಮೊದಲು ನಿಂತವನಿಗೆ ಏನಾದರೂ ಯೋಗ್ಯತೆ ಇರುತ್ತದೆ ಎಂಬ ಲೆಕ್ಕ. ಮಶೀನು ಡಿಸ್ಕನ್ನು ಗುರುತಿಸಿತು, ಆದರೆ ಒಳಗಿನದನ್ನು ಓದಲಾರೆ ಎಂದಿತು. ಗೊತ್ತಿಲ್ಲ ಎಂದು ಹೇಳಿ ಎದ್ದು ಹೋಗಬಹುದಿತ್ತು. ಆಂಟಿಯನ್ನು ಪ್ಯಾಸೇಜಿನಲ್ಲಿ ನಿಲ್ಲಿಸಿದ ಮೇಲೆ ಹಾಗೆ ಹೇಳಲು ನಾಲಿಗೆ ಏಳಲಿಲ್ಲ. ನನಗೆ ಬರುತ್ತಿದ್ದ ಔಷಧ ಇನ್ನೊಂದೇ, ಫಾರ್ಮ್ಯಾಟ್. ಎಲ್ಲ ಅಳಿಸಿಹೋಗುತ್ತದೆ, ಮುಂದುವರಿಸಲೇ ಎಂದು ಮಶೀನು ಕೇಳಿತು. ಒಪ್ಪಿಗೆಗೆ ವೈ ಒತ್ತಬೇಕು. ವೈ ಹುಡುಕಲು ಸ್ವಲ್ಪ ಹೊತ್ತಾಯಿತು. ಅದು ನನ್ನ ಮೂಲೆಯಲ್ಲಿಲ್ಲ. ಬಗ್ಗಿ ಕೀಲಿಗಳನ್ನು ಹುಡುಕುವಾಗ ಹೊರಗಿಂದ ಆಂಟಿ ಮತ್ತೆ ‘ಪುಟ್ಟಾ, ಆ ಚೀಟಿ’ ಎಂದದ್ದು ಕೇಳಿಸಿತು. ಅಷ್ಟರಲ್ಲಿ ವೈ ಸಿಕ್ಕಿತು.

ಮುಗಿದಾಗ ಡಿಸ್ಕಿನಲ್ಲಿ ಹತ್ತು ಎಂ.ಬಿ. ಜಾಗವಿದೆ ಎಂದು ಬಂತು, ಬೇರೇನೂ ಇರಲಿಲ್ಲ. ಚಾಚಾ ಮಾರಿದ್ದು ನಲವತ್ತು ಎಂದು. ನನಗೆ ಜೀವ ಬಂತು. ಆಂಟಿಯನ್ನು ಒಳಗೆ ಕರೆದು, ನಿಮಗೆ ನಲವತ್ತು ಎಂದು ಹೇಳಿ ಹತ್ತನ್ನು ಕೊಟ್ಟು ಟೋಪಿ ಹಾಕಿದ್ದಾರೆ, ಸಾಲದ್ದಕ್ಕೆ ಡಿಸ್ಕಿನ ಒಳಗೆ ಕುಂಕುಮ ಹೋಗಿ ಎಲ್ಲ ತಿಂದುಹಾಕಿದೆ ಎಂದು ತೀರ್ಪು ಕೊಟ್ಟೆ. ಆಂಟಿ ತಮ್ಮ ಉಂಗುರದ ಬೆರಳನ್ನೇ ನೋಡುತ್ತ ನಿಂತರು. ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು ಇತ್ತು. ಆ ಬೆರಳನ್ನು ಸೆರಗಿಗೆ ಒರೆಸಿಕೊಂಡರು. ನನಗೆ ತಟ್ಟೆ ತುಂಬ ಕೇಸರಿಭಾತು ಕೊಟ್ಟರು, ಪೂರ್ತಿ ತಿಂದೆ. ದ್ರಾಕ್ಷಿ ಜಾಸ್ತಿಯಿತ್ತು.

ಐದಕ್ಕೆ ಬಂದ ಲೆಕ್ಚರರ್ ಕೂರಲಿಲ್ಲ. ಕೈಬರಹದ ಕಾಗದಗಳನ್ನು ಫೋರ್ಟ್ ಏರಿಯಾದ ಟೈಪಿಸ್ಟುಗಳಿಗೆ ಕೊಡುತ್ತೇನೆ, ಕಾಲೇಜಿನ ಕೆಲಸದ ಮಾತು ಇನ್ನು ಬೇಡ ಎಂದು ಮೆಟ್ಟಿಲಲ್ಲೇ ಹೇಳಿ ಹೋದರು. ಸರಸ್ವತಿಗೆ ಒಣಮೀನಿನ ನೈವೇದ್ಯ ಹಿಡಿಸಲಿಲ್ಲ ಎಂದು ನಾನು ಟೆರೇಸಿನಲ್ಲಿ ಹುಡುಗರಿಗೆ ಹೇಳಿದೆ. ಒಬ್ಬನಿಗೆ ನಕ್ಕು ನಕ್ಕು ಬಿಕ್ಕಳಿಕೆ ಬಂತು.

ಮಾರನೇ ದಿನ ಆಂಟಿ ಬೆಳಗಿನ ಲೋಕಲ್ ಹಿಡಿದು ಧಾರಾವಿಗೆ ಹೋಗಿ, ನನ್ನ ತೀರ್ಪಿನ ಬಲದಿಂದ ಚಾಚಾನನ್ನು ಕಳ್ಳ ಎಂದು ಬೈದರು. ಅವರು ಅಂಗಡಿ ಮುಚ್ಚಿ ಆಂಟಿಯ ಜೊತೆಗೇ ಬಂದರು. ಸಾಕ್ಷಿ ಹೇಳಲು ಆಂಟಿ ನನ್ನನ್ನೂ ಕರೆಸಿದರು. ಚಾಚಾ ಮೊದಲು ಆ ಚೀಟಿ ಎಲ್ಲಿ ಎಂದು ಕೇಳಿದರು. ಆಂಟಿ ಕ್ಯಾಲೆಂಡರಿನ ಹಿಂದಿಂದ ತೆಗೆದುಕೊಟ್ಟರು. ಅದರಲ್ಲಿ 17 ಎಂದು ಬರೆದಿತ್ತು. ಚಾಚಾ ನೀಲಿ ಪುಟ ತೆರೆದು ನನ್ನ ಒಂದನ್ನು ಅಳಿಸಿ ಹದಿನೇಳು ಹಾಕಿದರು. ಪುಟದಲ್ಲೇ ನಲವತ್ತು ಎಂ.ಬಿ. ಎಂದು ಬಂತು. ಡಿಸ್ಕ್ ತೆರೆದು ನೋಡಿದರೆ ಖಾಲಿ.

“ದಿನಾ ಚಾಲೂ ಇದ್ರ ಒಳಗಿನ ಬ್ಯಾಟರಿ ಚಾರ್ಜ್ ಆಗ್ತದ್ರಿ ಅಕ್ಕಾರ,” ಎಂದರು. “ನಾಕ್ ದಿನಾ ಬಂದ್ ಇಟ್ರಿ, ಬ್ಯಾಟರಿ ಇಳೀತು, ಡಿಸ್ಕ್ ಎಂಥಾದು ಅನ್ನೋದ ಮಶೀನ್ ಮರ್ತದ. ಹದಿನೇಳು ಹಾಕಿದ್ರ ಮುಗೀತಿತ್ತು. ನೀವ್ ಬರದಿದ್ದೆಲ್ಲಾ ಹಂಗ ಇತ್ತು. ಇದನ್ನ ಅಳಿಸಿದವ್ರು ಯಾರು?”

ಆಂಟಿ ನನ್ನ ಕಡೆ ತಿರುಗಿದರು.

“ನಾನು ಮೂರು ಸಲ ಹೇಳೋಕೆ ಬಂದೆ, ಅಲ್ವೇನೋ?”

“ಎರಡು ಸಲ ಆಂಟಿ,” ಎಂದೆ. “ಮೂರನೇ ಸಲ ನೀವು ಪ್ಯಾಸೇಜಲ್ಲಿದ್ರಿ.”

ಚಾಚಾ ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿ ಜಿಪ್ ಎಳೆದುಕೊಂಡರು. ಮುಂದಿನ ವಾರ ಬಂದು ಮಶೀನನ್ನು ಟ್ಯಾಕ್ಸಿಯಲ್ಲಿ ವಾಪಸ್ ಒಯ್ದರು.

ಈಗ ಆ ರೂಮಿನಲ್ಲಿ ಇಬ್ಬರು ನರ್ಸ್ ಹುಡುಗಿಯರಿದ್ದಾರೆ. ಟೈಪ್‌ರೈಟರಿನ ಮೇಲೆ ಅವರ ಕನ್ನಡಿ, ಪೌಡರ್ ಡಬ್ಬಿ. ಮೊನ್ನೆ ಮೆಟ್ಟಿಲ ಬುಡದಲ್ಲಿ ಒಬ್ಬಳು ನನ್ನ ಜೇಬು ನೋಡಿ, ನಿಮಗೆ ಕಂಪ್ಯೂಟರ್ ಬರುತ್ತಾ ಎಂದು ಕೇಳಿದಳು. ನಾನು ಫ್ಲಾಪಿಯನ್ನು ಇನ್ನಷ್ಟು ಮೇಲಕ್ಕೆಳೆದು ಬಾಯಿ ತೆರೆಯುವಷ್ಟರಲ್ಲಿ ಒಳಗಿಂದ ಆಂಟಿಯ ಧ್ವನಿ ಬಂತು.

“ಅವನಿಗೆ ಮೀಟರ್ ಓದೋಕೆ ಬರುತ್ತೆ ಕಣಮ್ಮ. ಅಷ್ಟೇ.”