ವಿಭೂತಿ ಹಚ್ಚಿದ ಡಿಸ್ಕ್

ಅಕ್ಕೋರಂದ್ರ ನನಗ ಕನ್ನಡ ಸಾಲ್ಯಾಗ ಕಲಿಸಿದವರು. ರಿಟೈರ್ ಆದಮ್ಯಾಲೆ ಕುಂದಗೋಳದ ತಮ್ಮ ಮನ್ಯಾಗ ಒಂದು ಕಂಪ್ಯೂಟರ್ ಇಟ್ಕೊಂಡು, ಸುತ್ತಲಿನ ಹಳ್ಳಿ ಹೆಣ್ಮಕ್ಕಳ ಬೀಸೋ ಪದ, ಸೋಬಾನ ಪದ ಎಲ್ಲಾ ರೆಕಾರ್ಡ್ ಮಾಡಿ ಕೂಡಿಡತಿದ್ರು. ನಾನು ಅಲ್ಲೇ ಕಾಲೇಜಿನ್ಯಾಗ ಕಂಪ್ಯೂಟರ್ ಕಲಸಾಕಿ. ಹಿಂಗಾಗಿ ಆ ಮಷಿನ್ನಿಗೆ ನೆಗಡಿ ಬಂದ್ರೂ ನಾನೇ ಡಾಕ್ಟರು.

ಹಾಡು ಹೆಚ್ಚಾಗಿ ಡಿಸ್ಕ್ ತುಂಬಿತು. ಅಕ್ಕೋರು ಅಂಥಾದ್ದೇ ಇನ್ನೊಂದು ತರಿಸಿದ್ರು. ನಾನು ಭಾಳ ಶಾಣ್ಯಾಕಿ ನೋಡ್ರಿ, "ಬರೇ ಸೇರಿಸೂದು ಬ್ಯಾಡ್ರಿ, ಹೊಸಾ ಪದ್ಧತಿಗೆ ಹಾಕೂಣು" ಅಂದೆ. ಎಲ್‌ವಿಎಂ ಅಂತಾರದಕ್ಕ. ಎರಡು ಹೊಲದ ನಡುವಿನ ಬದು ಕಿತ್ತು ಒಂದೇ ಹೊಲ ಮಾಡಿ, ಬೇಕಾದಂಗ ಪಾಲು ಹಾಕ್ಕೊಂಡಂಗ ಅದು. ಮೊದಲು ಖಾಲಿ ಡಿಸ್ಕನ್ನ ಹೊಸಾ ಪದ್ಧತಿಗೆ ತಯಾರ ಮಾಡಬೇಕು, ಹಾಡೆಲ್ಲಾ ಅದಕ್ಕ ಸಾಗಿಸಬೇಕು, ಆಮ್ಯಾಲೆ ಹಳೇದನ್ನ ಅಳಿಸಿ ಜೋಡಿಸಬೇಕು. ಇಷ್ಟೇ ಕೆಲಸ.

ಎರಡೂ ಡಿಸ್ಕ್ ಬಿಚ್ಚಿ, ಚೀಟಿ ಹಚ್ಚಿ ಟೇಬಲ್ ಮ್ಯಾಲಿಟ್ಟು ಮನಿಗೆ ಹೋದೆ. ಮರುದಿನ ಖಂಡೇ ಪೂಜಿ, ಮನ್ಯಾಗಿನ ಆಯುಧ, ಮಷಿನ್ ಎಲ್ಲಾ ಪೂಜಿ ಮಾಡೂ ದಿನ. ಅಕ್ಕೋರು ಅವನ್ನೂ ಬಿಡಲಿಲ್ಲ. ಮೂರು ಬೆರಳಿನ ವಿಭೂತಿ, ಕುಂಕುಮ, ಮ್ಯಾಲೊಂದು ಚೆಂಡುಹೂವು. ನಾ ಬಂದು ನೋಡೂದ್ರಾಗ ಚೀಟಿ ಅದರ ಕೆಳಗ ಮುಚ್ಚಿಹೋಗಿತ್ತು. ನಾನು ಒರೆಸಿ ನೋಡಬೇಕಿತ್ತು. ಪೂಜಿ ಮಾಡಿದ್ದನ್ನ ಹೆಂಗ ಒರಸೂದಂತ ಮನಸ್ಸಾಗಲಿಲ್ಲ. ಬಲಗಡೀದು ಹೊಸಾದು ಅಂತ ನೆನಪಿತ್ತು, ಅದನ್ನೇ ಹಾಕಿದೆ. "ಇದರಾಗ ಏನೋ ಐತಿ, ಅಳಿಸಲೇನು?" ಅಂತ ಕಂಪ್ಯೂಟರ್ ಕೇಳಿತು. ಕಂಪನಿಯವರು ತುಂಬಿದ್ದಿರಬೇಕು ತಗೋ ಅಂತ ಹೌದು ಒತ್ತಿದೆ.

ಆಮ್ಯಾಲೆ ಇನ್ನೊಂದು ಡಿಸ್ಕ್ ತೆರೆದ್ರ ಖಾಲಿ. ಅಯ್ಯ ಶಿವನ! ನಾ ಅಳಿಸಿದ್ದು ಹಾಡಿದ್ದ ಡಿಸ್ಕು. ಪೂಜಿ ಮಾಡೂವಾಗ ಅಕ್ಕೋರು ಅವನ್ನ ಆಚೀಚಿ ಇಟ್ಟಿದ್ರು. ವಾಪಸ್ ತರತೀನಂತ ಏನೇನೋ ಒತ್ತಿ ಉಳಿದದ್ದನ್ನೂ ಕೆಡಿಸಿದೆ.

ಅಕ್ಕೋರು ಗಿರಮಿಟ್ ತಂದಿಟ್ಟು "ಆತೇನವಾ?" ಅಂದ್ರು.

"ಹಳೇ ಡಿಸ್ಕ್ ತಾನೇ ಸತ್ತೈತ್ರಿ. ನಾ ಮುಟ್ಟೂದ್ರಾಗೇ ಹೋಗಿತ್ತು."

ಎಲ್ಲಾರ ಮ್ಯಾಲೂ ಹರಿಹಾಯೋ ಬಾಯಿ ನಂದು, ಆವತ್ತು ಎಷ್ಟು ಮೆತ್ತಗ ಸುಳ್ಳು ಹೇಳಿತು. ಅಕ್ಕೋರು ತಾಟು ನನ್ನ ಕಡೆ ಸರಿಸಿ, "ಅದಕ್ಕ ನೀ ಏನ್ ಮಾಡತಿ, ತಿನ್ನು" ಅಂದ್ರು. ನಾಚಿಕಿಲ್ಲದಾಕಿ, ತಿಂದೆ.

ತಿಂಗಳಾದಮ್ಯಾಲೆ ಕುಬಿಹಾಳದಿಂದ ಒಬ್ಬಾಕಿ ಬಂದ್ಲು. ಆಕಿ ಅವ್ವ ಅಕ್ಕೋರ ಮುಂದ ಹಾಡಿದಾಕಿ, ತೀರಿಕೊಂಡು ವರ್ಷ ಆಗಾಕ ಬಂದಿತ್ತು. "ವರ್ಷದ ಪೂಜಿ ದಿನ ಅವ್ವನ ದನಿ ಹಚ್ಚಬೇಕ್ರಿ. ಮನ್ಯಾಗ ಆಕೀದೊಂದು ಚಲೋ ಫೋಟೋನೂ ಇಲ್ಲ" ಅಂದ್ಲು.

ನಾನು ಅಲ್ಲೇ ಕೂತಿದ್ದೆ. ಮಷಿನ್ ಕೆಟ್ಟಿತವ್ವಾ ಅಂತ ಅಕ್ಕೋರು ಹೇಳತಾರ ಅಂತ ಕಾದೆ. ಅವರು ಎದ್ದು ಹೋಗಿ ಆಕಿ ಎರಡೂ ಕೈ ಹಿಡಕೊಂಡು, "ನಿಮ್ಮವ್ವ ನನ್ನ ನಂಬಿ ಹಾಡಿದ್ಲು. ನಾ ಕಾಯಲಿಲ್ಲ. ತಪ್ಪು ನಂದವ್ವಾ" ಅಂದ್ರು.

ಆಕಿ ಕೈ ಬಿಡಿಸಿಕೊಂಡ್ಲು. "ಕಾಯಾಕ ಆಗದಿದ್ರ ಯಾಕ ಹಾಡಿಸಿದ್ರಿ?" ಅಂತ ಕೇಳಿ ಹೊಂಟುಬಿಟ್ಲು. ಅಕ್ಕೋರು ಬರಿಗಾಲಿನ್ಯಾಗ ಆಕಿ ಹಿಂದ ಓಣಿ ತನಕ ಹೋದ್ರು. ನಾನು ಕುರ್ಚಿ ಬಿಟ್ಟು ಏಳಲಿಲ್ಲ.